ವ್ಯಕ್ತಿತ್ವ ವಿಕಸನ: ಒಂದು ಬುತ್ತಿಯ ಕಥೆ

(ನಮ್ಮ ಸಂಸ್ಥೆಯ ಯುವಜನ ಸಮಾವೇಶದಲ್ಲಿ ಪದವಿ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಮಾಡಿದ ಭಾಷಣದ ಬರಹರೂಪ)



‘ವ್ಯಕ್ತಿತ್ವ ವಿಕಸನ’ ಎಂಬ ವಿಷಯದ ಮೇಲೆ ಅರ್ಧ ಗಂಟೆ ಮಾತನಾಡಬೇಕೆಂದು ನಿರ್ದೇಶಕ ಗುರುಗಳು ಹೇಳಿದಾಗ ನಾನು ಸ್ವಲ್ಪ ಹಿಂದೆ ಮುಂದೆ ನೋಡಿದೆ. ಈ ವಿಷಯದ ಮೇಲೆ ನೀವು ಈಗಾಗಲೇ ಬೇಕಾದಷ್ಟು ಕೇಳಿದ್ದೀರಿ. ಗುರಿ ಇರಬೇಕು, ಸಮಯಪಾಲನೆ ಇರಬೇಕು, ಧೈರ್ಯವಾಗಿ ಮಾತನಾಡಬೇಕು, ಇವೆಲ್ಲ ನಿಮಗೆ ಬಾಯಿಪಾಠ. ಕೇಳಿ ಕೇಳಿ ನಿಮಗೂ ಸಾಕಾಗಿದೆ, ಹೇಳಿ ಹೇಳಿ ನಮಗೂ ಸಾಕಾಗಿದೆ. ಆದ್ದರಿಂದ ಇವತ್ತು ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ಒಂದು ತಪ್ಪೂ ಸೇರಿಕೊಂಡಿದೆ.

ಅವಳ ಹೆಸರು, ಊರು ಹೇಳುವುದಿಲ್ಲ. ರಾಯಚೂರು ಜಿಲ್ಲೆಯ ಹುಡುಗಿ ಅನ್ನೋದಷ್ಟೇ ಸಾಕು. ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದೇ ಮಾತನಾಡುತ್ತಿದ್ದೇನೆ. “ಹೇಳ್ರಿ ಸಿಸ್ಟರ್, ಆದ್ರ ನನ್ನನ್ನ ವೇದಿಕೆ ಮ್ಯಾಲೆ ಕರೀಬ್ಯಾಡ್ರಿ” ಎಂದಿದ್ದಾಳೆ. ನಾನು ಕರೆಯುವುದಿಲ್ಲ.

ಅವಳು ಬಿ.ಎಸ್.ಡಬ್ಲ್ಯೂ. ಎರಡನೆಯ ವರ್ಷದಲ್ಲಿದ್ದಾಗ, 2023ರಲ್ಲಿ, ಕ್ಷೇತ್ರಕಾರ್ಯಕ್ಕಾಗಿ ನಮ್ಮ ಸಂಸ್ಥೆಗೆ ಬಂದಳು. ವಾರಕ್ಕೆ ಎರಡು ದಿನ ನಮ್ಮ ಕಾರ್ಯಕರ್ತೆಯರ ಜೊತೆ ಹಳ್ಳಿಗೆ ಹೋಗುವುದು, ಸಂಘದ ಸಭೆಗಳಲ್ಲಿ ಕೂರುವುದು, ವರದಿ ಬರೆದು ನನಗೆ ತೋರಿಸುವುದು, ಇದು ಅವಳ ಕೆಲಸ. ತಂದೆ ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಾರೆ. ತಾಯಿ ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಮನೆತನದಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣುಮಗಳು ಇವಳು. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಊರು ಬಿಟ್ಟರೆ ಮನೆ ಸೇರುವುದು ರಾತ್ರಿ ಏಳಕ್ಕೆ.

ತರಗತಿಯಲ್ಲಿ ತುಂಬಾ ಚುರುಕು. ಸಮಾಜಕಾರ್ಯ ಓದುವವರಿಗೆಲ್ಲ ಫೆಲಿಕ್ಸ್ ಬೀಸ್ಟೆಕ್ ಎಂಬ ಯೇಸುಸಭೆಯ ಗುರುಗಳ ಹೆಸರು ಗೊತ್ತಿರುತ್ತದೆ. ಅಮೆರಿಕದ ಈ ಗುರುಗಳು 1957ರಲ್ಲಿ ಬರೆದ ಪುಸ್ತಕದಲ್ಲಿ, ಸಹಾಯ ಕೇಳಿ ಬಂದವರ ಜೊತೆ ನಾವು ಹೇಗೆ ನಡೆದುಕೊಳ್ಳಬೇಕೆಂದು ಏಳು ತತ್ವಗಳನ್ನು ಕೊಟ್ಟಿದ್ದಾರೆ. ವ್ಯಕ್ತಿಯನ್ನು ಇದ್ದ ಹಾಗೆ ಒಪ್ಪಿಕೊಳ್ಳಬೇಕು, ಅವರ ಮೇಲೆ ತೀರ್ಪು ಕೊಡಬಾರದು, ಅವರ ಗುಟ್ಟು ಕಾಪಾಡಬೇಕು, ಹೀಗೆ. ಈ ಹುಡುಗಿ ಏಳನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಆದರೆ ಅವಳ ಕ್ಷೇತ್ರಕಾರ್ಯದ ವರದಿ ಓದಿದರೆ ನನಗೆ ಬೇಸರವಾಗುತ್ತಿತ್ತು. “ಸಮುದಾಯದ ಮಹಿಳೆಯರಲ್ಲಿ ಅರಿವಿನ ಕೊರತೆ ಕಂಡುಬಂದಿತು. ಪೌಷ್ಟಿಕ ಆಹಾರದ ಮಹತ್ವದ ಕುರಿತು ಅರಿವು ಮೂಡಿಸಲಾಯಿತು.” ಪ್ರತಿ ವಾರವೂ ಇದೇ ಎರಡು ವಾಕ್ಯ. ಯಾರ ಮನೆ, ಯಾವ ಒಲೆ, ಯಾರ ಮಾತು, ಒಂದೂ ಇಲ್ಲ. ನಾನು ಕೆಂಪು ಶಾಯಿಯಲ್ಲಿ “ಯಾರಿಗೆ ಏನು ಗೊತ್ತಿರಲಿಲ್ಲ? ನಿನಗೆ ಏನು ಗೊತ್ತಾಯಿತು?” ಎಂದು ಬರೆಯುತ್ತಿದ್ದೆ. ಮುಂದಿನ ವಾರ ಮತ್ತೆ ಅದೇ.

ಎನ್ನೆಸ್ಸೆಸ್‌ನಲ್ಲೂ ಅವಳು ಮುಂದು. ನಿಮ್ಮಲ್ಲಿ ಅನೇಕರು ಎನ್ನೆಸ್ಸೆಸ್ ಸ್ವಯಂಸೇವಕರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ಶುರುವಾದ ಯೋಜನೆ ಅದು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯ. ಒಳ್ಳೆಯ ಮಾತು. ಆದರೆ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡ ಮೇಲೆ ಪೊರಕೆಯನ್ನು ಅಲ್ಲೇ ಬಿಟ್ಟುಬರುವ ಸೇವೆಯನ್ನೂ ನಾನು ನೋಡಿದ್ದೇನೆ. ಈ ಹುಡುಗಿ ಅಂಥವಳಲ್ಲ. ಯಾವ ಕೆಲಸಕ್ಕೆ ಕರೆದರೂ ಮೊದಲು ಕೈಯೆತ್ತುವವಳು.

ಆ ವರ್ಷ ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆಯಿತು. ಹೆಸರು ಬರೆಸಿದವರಲ್ಲಿ ಇವಳೇ ಮೊದಲನೆಯವಳು. ತರಗತಿಯಿಂದ ತರಗತಿಗೆ ಹೋಗಿ “ಹೆದರಬ್ಯಾಡ್ರಿ, ಏನೂ ಆಗೂದಿಲ್ಲ” ಎಂದು ಭಾಷಣ ಮಾಡಿ ನಲವತ್ತು ಮಂದಿಯನ್ನು ಒಪ್ಪಿಸಿದ್ದಳು. ಶಿಬಿರದ ದಿನ ಬೆರಳಿಗೆ ಚುಚ್ಚಿ ಪರೀಕ್ಷೆ ಮಾಡಿದರು. ರಕ್ತ ಕೊಡಬೇಕಾದರೆ ಹಿಮೋಗ್ಲೋಬಿನ್ 12.5 ಗ್ರಾಂ ಆದರೂ ಇರಬೇಕು, ತೂಕ 45 ಕಿಲೋ ಆದರೂ ಇರಬೇಕು. ಇವಳದು 9.2 ಬಂತು. ತೂಕ 41. ಅಲ್ಲಿದ್ದ ನರ್ಸು, “ನೀ ಕೊಡೂದಲ್ಲವ್ವಾ, ನಿನಗಽ ಕೊಡಬೇಕು” ಎಂದರಂತೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅವಳೇ ಕರೆತಂದವರು!

ಇಲ್ಲಿ ಒಂದು ವಿಷಯ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇಕಡಾ 47.8. ಅಂದರೆ ಈ ಸಭಾಂಗಣದಲ್ಲಿ ಒಬ್ಬರನ್ನು ಬಿಟ್ಟು ಒಬ್ಬರು ಎಂದಿಟ್ಟುಕೊಳ್ಳಿ. ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕೂತರೆ ತೂಕಡಿಕೆ, ಕೈಕಾಲು ಸೋತು ಬರುವುದು. ಇದನ್ನು ನಾವು ಸೋಮಾರಿತನ ಎಂದು ಬೈದುಬಿಡುತ್ತೇವೆ. ಹೈಸ್ಕೂಲಿನಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಿದ್ದರಲ್ಲ, ಅದು ಇದಕ್ಕೇ. ಅದನ್ನು ನುಂಗಿದವರೆಷ್ಟು, ಕಿಟಕಿಯಿಂದ ಎಸೆದವರೆಷ್ಟು, ನಿಮಗೇ ಗೊತ್ತು.

ಈಗ ನನ್ನ ತಪ್ಪಿನ ವಿಷಯ. ಆ ವಾರವೇ ಅವಳ ಊರಿನ ಸ್ವಸಹಾಯ ಸಂಘದ ಸಭೆ ಇತ್ತು. ಅವಳ ತಾಯಿ ಅದೇ ಸಂಘದ ಸದಸ್ಯೆ. ನಾನು ರಕ್ತಹೀನತೆಯ ಬಗ್ಗೆ ಮಾತನಾಡಿದೆ. ಮಾತನಾಡುತ್ತಾ ಮಾತನಾಡುತ್ತಾ ಆ ತಾಯಿಯ ಕಡೆ ತಿರುಗಿ, “ಅಲ್ಲ ಅಕ್ಕಾ, ಊರ ಮಕ್ಕಳಿಗೆಲ್ಲ ಅಡುಗೆ ಮಾಡಿ ಬಡಿಸ್ತೀರಿ, ನಿಮ್ಮ ಮಗಳಿಗೆ ಹೊಟ್ಟೆತುಂಬ ಊಟ ಹಾಕೋದಿಲ್ವಾ?” ಎಂದುಬಿಟ್ಟೆ. ಹದಿನೆಂಟು ಮಂದಿ ಹೆಂಗಸರ ಎದುರಿಗೆ. ಆ ತಾಯಿ ತಲೆ ತಗ್ಗಿಸಿ, ಸೆರಗಿನ ತುದಿ ಹಿಡಿದುಕೊಂಡು, “ದಿನಾ ಮೂರು ರೊಟ್ಟಿ, ಪಲ್ಯ ಕಟ್ಟಿ ಕಳಸ್ತೀನ್ರೀ ಸಿಸ್ಟರ್. ಖಾಲಿ ಡಬ್ಬಿ ತರ್ತಾಳ್ರಿ” ಎಂದರು. ಅಷ್ಟೇ. ಬೇರೆ ಒಂದು ಮಾತೂ ಆಡಲಿಲ್ಲ. ಬೀಸ್ಟೆಕ್ ಗುರುಗಳ ತತ್ವಗಳನ್ನು ನಾನೂ ಎಂ.ಎಸ್.ಡಬ್ಲ್ಯೂ.ನಲ್ಲಿ ಓದಿ ಪಾಸಾದವಳು. ತೀರ್ಪು ಕೊಡಬಾರದು ಎಂಬುದನ್ನು ಎಷ್ಟು ತಂಡಗಳಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ.

ಆ ಹುಡುಗಿ ಮೂಲೆಯಲ್ಲಿ ಕುಳಿತು ಸಭೆಯ ನಡಾವಳಿ ಬರೆದುಕೊಳ್ಳುತ್ತಿದ್ದಳು. ನಾನು ಗಮನಿಸಲಿಲ್ಲ. ಮೂರು ದಿನ ಬಿಟ್ಟು ನನ್ನ ಕೋಣೆಗೆ ಬಂದು, ಬಾಗಿಲ ಹತ್ತಿರವೇ ನಿಂತು ಅತ್ತಳು. ಆಮೇಲೆ ಹೇಳಿದಳು.

ಮೊದಲನೆಯ ವರ್ಷ ಕಾಲೇಜಿಗೆ ಸೇರಿದ ಹೊಸದರಲ್ಲಿ ಗೆಳತಿಯರ ಜೊತೆ ಕೂತು ಡಬ್ಬಿ ತೆಗೆದಾಗ ಒಬ್ಬಳು, “ಏನ ತಂದೀ? ಸಾಲಿ ಮಕ್ಕಳು ಬಿಟ್ಟಿದ್ದೇನು?” ಎಂದು ಕೇಳಿದಳಂತೆ. ತಮಾಷೆಗೇ ಇರಬಹುದು. ಅದರ ಹಿಂದೆ ಜಾತಿಯ ಚುಚ್ಚೂ ಇತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಅಂದಿನಿಂದ ಇವಳು ಡಬ್ಬಿ ಬಿಚ್ಚಲಿಲ್ಲ. ಮಧ್ಯಾಹ್ನ ಒಂದು ಚಹಾ, ಒಂದು ಬನ್ನು. ಸಂಜೆ ಬಸ್ ಸ್ಟ್ಯಾಂಡಿನ ಹಿಂದೆ ದನಗಳಿಗೆ ರೊಟ್ಟಿ ಹಾಕಿ, ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದುಕೊಂಡು ಮನೆಗೆ ಹೋಗುವುದು. ಬೆಳಿಗ್ಗೆ ಬಸ್ಸಿನ ಅವಸರದಲ್ಲಿ ಏನೂ ತಿನ್ನುತ್ತಿರಲಿಲ್ಲ. ಹೀಗೆ ಒಂದೂವರೆ ವರ್ಷ. ಪೌಷ್ಟಿಕ ಆಹಾರದ ಅರಿವು ಮೂಡಿಸುತ್ತಿದ್ದ ಹುಡುಗಿ! “ಅವ್ವ ನಾಕ ಗಂಟೆಗೆ ಎದ್ದು ಬಡೀತಾಳ್ರಿ ಸಿಸ್ಟರ್. ನಾ ದನಕ್ಕ ಹಾಕ್ತೀನಿ. ನೀವು ಅವ್ವಗ ಅಂದಾಗ ನಾ ಸುಮ್ಮಽ ಕೂತಿದ್ದೆ.”

ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. “ನಾನೂ ತಪ್ಪು ಮಾಡಿದೆ, ನೀನೂ ತಪ್ಪು ಮಾಡಿದೆ. ಇಬ್ಬರೂ ಹೋಗಿ ಹೇಳೋಣ” ಎಂದೆ.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಬೆಳಿಗ್ಗೆ ಅವಳ ತಾಯಿಯ ಶಾಲೆಯ ಅಡುಗೆಕೋಣೆಗೆ ಹೋದೆ. ಈ ಬಿಸಿಯೂಟದ ಬಗ್ಗೆ ಹೇಳಲೇಬೇಕು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶ ಮಾಡಿತು. 2002ರಲ್ಲಿ ಅಕ್ಷರ ದಾಸೋಹ ಮೊಟ್ಟಮೊದಲು ಶುರುವಾದದ್ದು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ. ನಿಮ್ಮಲ್ಲಿ ಹೆಚ್ಚಿನವರು ಆ ಊಟ ಉಂಡೇ ಬೆಳೆದವರು. ಇಪ್ಪತ್ತಾರರಿಂದ ನೂರು ಮಕ್ಕಳಿರುವ ಶಾಲೆಗೆ ಇಬ್ಬರು ಅಡುಗೆಯವರು. ಅವರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಹೆಸರಿನಲ್ಲಿ ಇರುವಷ್ಟು ಗೌರವ ಹಣದಲ್ಲೂ ಇಲ್ಲ, ಜನರ ಬಾಯಲ್ಲೂ ಇಲ್ಲ.

ನಾನು ಹೋದಾಗ ಆ ತಾಯಿ ತೊಂಬತ್ತು ಮಕ್ಕಳ ಸಾರಿಗೆ ತರಕಾರಿ ಹೆಚ್ಚುತ್ತಿದ್ದರು. ನಾನು ಬಾಗಿಲಲ್ಲೇ ಕೂತು, “ಅಕ್ಕಾ, ಅವತ್ತು ಹಾಗೆ ಕೇಳಬಾರದಿತ್ತು, ಕ್ಷಮಿಸಿ” ಎಂದೆ. ಅವರು ಗಾಬರಿಯಾಗಿ, “ಅಯ್ಯ, ಇರ್ಲಿ ಬಿಡ್ರಿ ಸಿಸ್ಟರ್” ಎಂದು, ನನ್ನ ಮುಂದೆ ಒಂದು ಮೊರ ಅಕ್ಕಿ ಇಟ್ಟು, “ಕೂತೀರೆಂದ್ರ ಇದನ್ನ ಆರಿಸ್ರಿ” ಎಂದರು. ಆರಿಸಿದೆ. ನನ್ನ ಕೆಲಸ ಅವರಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ, ಆಮೇಲೆ ಅವರೇ ಇನ್ನೊಮ್ಮೆ ಆರಿಸಿದರು.

ಮಗಳು ತಾಯಿಗೆ ಏನು ಹೇಳಿದಳು, ತಾಯಿ ಏನೆಂದರು ಎಂಬುದನ್ನು ನಾನು ಕೇಳಲಿಲ್ಲ. ಅದು ಅವರಿಬ್ಬರದು. ಅದಾದ ಮೇಲೆ ಹುಡುಗಿ, “ಭಾನುವಾರ ನನಗ ರೊಟ್ಟಿ ಬಡಿಯೂದು ಕಲಸವ್ವ” ಎಂದು ಕೇಳಿದ್ದು ಮಾತ್ರ ನನಗೆ ಗೊತ್ತು. ತಾಯಿ ಸುತರಾಂ ಒಪ್ಪಲಿಲ್ಲ. ಹತ್ತೊಂಬತ್ತು ವರ್ಷದ ಹಳ್ಳಿಯ ಹುಡುಗಿಗೆ ರೊಟ್ಟಿ ಬಾರದು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆ ತಾಯಿ ಬೇಕೆಂದೇ ಕಲಿಸಿರಲಿಲ್ಲ. ತನ್ನನ್ನು ನಾಲ್ಕನೆಯ ತರಗತಿಯಿಂದ ಬಿಡಿಸಿ ಒಲೆಯ ಮುಂದೆ ಕೂರಿಸಿದ್ದರು, ಮಗಳನ್ನು ಕೂರಿಸಬಾರದು ಎಂಬುದು ಅವರ ಹಟ. “ನೀ ಓದ್ಕೊ, ಒಲಿ ಮುಂದ ಬರಬ್ಯಾಡ” ಎನ್ನುತ್ತಿದ್ದರಂತೆ. ಇದನ್ನು ಕೇಳಿದಾಗ ನನಗೆ ನಿಜವಾಗಿ ಎದೆ ತುಂಬಿ ಬಂತು. ಹೆಣ್ಣುಮಕ್ಕಳು ಅಡುಗೆ ಕಲಿತರೆ ಚೆಂದ ಎಂದು ಸುಲಭವಾಗಿ ಭಾಷಣ ಮಾಡುವ ನಾವು ಇಂಥ ತಾಯಂದಿರನ್ನು ನೆನಪಿಡಬೇಕು.

ಕೊನೆಗೆ ಮಗಳು, “ಪರೀಕ್ಷಿಗೆ ಬೇಕವ್ವಾ” ಎಂದು ಸುಳ್ಳು ಹೇಳಿ ಒಪ್ಪಿಸಿದಳು! ಎಸರು ಕುದಿಯಬೇಕು, ಕುದಿಯುವ ನೀರನ್ನೇ ಹಿಟ್ಟಿಗೆ ಹಾಕಬೇಕು, ಕೈ ಸುಡುವಾಗಲೇ ನಾದಬೇಕು. ಬೀಸಿಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ತಟ್ಟುತ್ತಾ ಹೋದಂತೆ ಅಂಚು ಒಡೆಯುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುತ್ತಿದ್ದಂತೆ ತಿರುವಿ ಹಾಕಬೇಕು. ಇದೆಲ್ಲ ಅವಳ ವರದಿಯಲ್ಲಿ ಓದಿ ನನಗೆ ಗೊತ್ತಾದದ್ದು. ನಾನು ಕರಾವಳಿಯ ಅಕ್ಕಿ ತಿಂದು ಬೆಳೆದವಳು, ಇಷ್ಟು ವರ್ಷ ಈ ಕಡೆ ಇದ್ದೂ ರೊಟ್ಟಿ ಬಡಿಯಲು ಬರುವುದಿಲ್ಲ. ಮೊದಲನೆಯ ಭಾನುವಾರ ಅವಳ ಹದಿನಾಲ್ಕು ರೊಟ್ಟಿಯಲ್ಲಿ ಹನ್ನೊಂದು ಒಡೆದುವು. ಆ ವಾರದ ವರದಿಯಲ್ಲಿ ‘ಅರಿವಿನ ಕೊರತೆ’ ಎಂಬ ಮಾತು ಇತ್ತು. ಆದರೆ ಅದು ಅವಳ ಬಗ್ಗೆಯೇ ಬರೆದದ್ದು. ನಾನು ಕೆಂಪು ಪೆನ್ನು ತೆಗೆಯಲಿಲ್ಲ.

ಡಿಸೆಂಬರ್‌ನಲ್ಲಿ ಎನ್ನೆಸ್ಸೆಸ್ ವಿಶೇಷ ಶಿಬಿರ ಬಂತು. ಒಂದು ಹಳ್ಳಿಯ ಶಾಲೆಯಲ್ಲಿ ಏಳು ದಿನ, ಅರವತ್ತು ಮಂದಿ. ಅಡುಗೆ ಸಮಿತಿಯ ಪಟ್ಟಿ ಹಾಕಿದಾಗ ಎಂಟೂ ಹೆಸರು ಹುಡುಗಿಯರದೇ. ಹುಡುಗರಿಗೆ ಗಿಡ ನೆಡುವುದು, ರಸ್ತೆ ಸರಿ ಮಾಡುವುದು. ಇವಳು ಎದ್ದು ನಿಂತು, “ಹುಡುಗ್ರು ಉಣ್ಣೂದಿಲ್ಲೇನ್ರಿ ಸರ್?” ಎಂದು ಕೇಳಿದಳಂತೆ. ಮರುದಿನ ಪಟ್ಟಿ ಬದಲಾಯಿತು. ನಾಲ್ಕು ಹುಡುಗರು ಬಂದರು. ಒಬ್ಬ ಈರುಳ್ಳಿ ಹೆಚ್ಚುವುದರಲ್ಲಿ ಎಲ್ಲರನ್ನೂ ಮೀರಿಸಿದ, ಹೋಟೆಲಿನಲ್ಲಿ ರಜಾ ದಿನ ದುಡಿದವನು. ಅದನ್ನು ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನೋಡಿ, ಅವನದೂ ಒಂದು ಬಿಚ್ಚದ ಬುತ್ತಿಯೇ.

ಮೊದಲನೆಯ ದಿನವೇ ಪೇಚಾಯಿತು. ಅರವತ್ತು ಮಂದಿಗೆ ಬೇಳೆ ಎಷ್ಟು ಹಾಕಬೇಕು? ಯಾರಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ಕ್ಯಾಲೊರಿ ಇದೆ, ಪ್ರೋಟೀನು ಇದೆ, ಸೇರು ಪಾವು ಇಲ್ಲ. ಹುಡುಗಿ ತಾಯಿಗೆ ಫೋನು ಮಾಡಿದಳು, ಎಲ್ಲರ ಎದುರಿಗೇ, ಸ್ಪೀಕರ್ ಹಾಕಿ. ಆ ಕಡೆಯಿಂದ ತಾಯಿ ಒಂದು ಕ್ಷಣವೂ ಯೋಚಿಸದೆ ಹೇಳಿದರು: “ಐದನೇತ್ತಾ ಮಟ ಒಂದ ಕೂಸಿಗೆ ಅಕ್ಕಿ ನೂರು ಗ್ರಾಂ, ಬೇಳಿ ಇಪ್ಪತ್ತು. ಆರು, ಏಳಕ್ಕ ಅಕ್ಕಿ ನೂರೈವತ್ತು, ಬೇಳಿ ಮೂವತ್ತು. ನಿಮ್ಮೋರು ದೊಡ್ಡೋರು, ದುಡದು ಬರ್ತಾರ, ಬೇಳಿ ನಲವತ್ತು ಹಿಡಿ. ಎರಡೂವರಿ ಕಿಲೋ ಹಾಕು. ಅಕ್ಕಿ ಹನ್ನೊಂದು ಕಿಲೋ. ಮತ್ತ ನೀರು ಕುದ್ದ ಮ್ಯಾಲ ಬೇಳಿ ಹಾಕವ್ವಾ, ತಣ್ಣೀರಿಗೆ ಹಾಕಬ್ಯಾಡ.” ನಾಲ್ಕನೆಯ ತರಗತಿ ಓದಿದ ಹೆಣ್ಣುಮಗಳು! ಸುತ್ತ ಇದ್ದ ಪದವಿ ವಿದ್ಯಾರ್ಥಿಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವಳು ಆ ವಾರದ ವರದಿಯಲ್ಲಿ ಬರೆದಳು: “ನಮ್ಮ ಅವ್ವನ ಕೆಲಸದ ಬಗ್ಗೆ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಇದು ನಾನು ಕೇಳಿದ ಮೊದಲನೆಯ ಪ್ರಶ್ನೆ.” ಶಿಬಿರದ ಕೊನೆಯ ದಿನ ಆ ತಾಯಿಯನ್ನೇ ಅತಿಥಿಯಾಗಿ ಕರೆಯಬೇಕೆಂದು ಹುಡುಗರು ಹೇಳಿದರು. ಅವರು ಬರಲಿಲ್ಲ. ಶಾಲೆಗೆ ರಜೆ ಇರಲಿಲ್ಲ, ಮಕ್ಕಳಿಗೆ ಊಟ ಆಗಬೇಕಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯಾಯಿರನ ಮಗಳ ಪ್ರಸಂಗ ನಿಮಗೆ ಗೊತ್ತಿದೆ. ಹನ್ನೆರಡು ವರ್ಷದ ಹುಡುಗಿ. ಸತ್ತಳೆಂದು ಎಲ್ಲರೂ ಗೋಳಾಡುತ್ತಿದ್ದಾಗ ಯೇಸುಸ್ವಾಮಿ ಅವಳ ಕೈಹಿಡಿದು ಎಬ್ಬಿಸುತ್ತಾರೆ. ಆ ಅದ್ಭುತದ ಬಗ್ಗೆ ನಾವು ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಆದರೆ ಅದರ ಕೊನೆಯಲ್ಲಿ ಸ್ವಾಮಿ ಇನ್ನೊಂದು ಮಾತು ಹೇಳುತ್ತಾರೆ, ನಾನು ಎಷ್ಟೋ ವರ್ಷ ಅದನ್ನು ಗಮನಿಸಿಯೇ ಇರಲಿಲ್ಲ. ಆ ಹುಡುಗಿಗೆ ತಿನ್ನಲು ಏನಾದರೂ ಕೊಡಿ ಎಂದು ಮನೆಯವರಿಗೆ ಹೇಳುತ್ತಾರೆ. ಜೀವ ಕೊಟ್ಟವರಿಗೆ ಅವಳ ಹಸಿವೂ ನೆನಪಿತ್ತು. ನಾವು ಮಾತ್ರ ಹಸಿದ ಮಕ್ಕಳಿಗೆ ಸೇವೆಯ ಬಗ್ಗೆ, ಗುರಿಯ ಬಗ್ಗೆ ಪಾಠ ಹೇಳುತ್ತಾ ಇರುತ್ತೇವೆ.

ಸರಕಾರಿ ಆಸ್ಪತ್ರೆಯ ವೈದ್ಯರು ಅವಳಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟರು, ಜಂತುಹುಳುವಿನ ಮಾತ್ರೆಯನ್ನೂ ಕೊಟ್ಟರು. ಇಲ್ಲಿರುವ ಹೆಣ್ಣುಮಕ್ಕಳಿಗಾಗಿ ಎರಡು ಮಾತು ಸೇರಿಸುತ್ತೇನೆ. ಊಟದ ಜೊತೆಗೆ, ಮಾತ್ರೆಯ ಜೊತೆಗೆ ಚಹಾ ಕುಡಿಯಬೇಡಿ, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ನಿಂಬೆಹುಳಿ, ಪೇರಲ, ನೆಲ್ಲಿಕಾಯಿ ಇದ್ದರೆ ಅದು ಚೆನ್ನಾಗಿ ಹತ್ತುತ್ತದೆ. ಸಜ್ಜೆಯಲ್ಲಿ ಜೋಳಕ್ಕಿಂತ ಹೆಚ್ಚು ಕಬ್ಬಿಣಾಂಶವಿದೆ, ಚಳಿಗಾಲದಲ್ಲಿ ಸಜ್ಜೆ ರೊಟ್ಟಿ ಮಾಡುವವರು ಬಿಡಬೇಡಿ. ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ ಎಂದು ಹೆದರಿ ಅನೇಕರು ನಿಲ್ಲಿಸಿಬಿಡುತ್ತಾರೆ. ಹೆದರಬೇಕಾಗಿಲ್ಲ. ವೈದ್ಯರು ಹೇಳಿದಷ್ಟು ತಿಂಗಳು ತೆಗೆದುಕೊಳ್ಳಿ. ಸುಸ್ತು ಹೋಯಿತೆಂದು ನೀವೇ ನಿಲ್ಲಿಸಬೇಡಿ.

ಆ ಸೆಮಿಸ್ಟರಿನಲ್ಲಿ ಅವಳ ಅಂಕ ಸ್ವಲ್ಪ ಇಳಿಯಿತು ಎಂಬುದನ್ನೂ ಹೇಳಬೇಕು. ಪುಸ್ತಕದ ವಾಕ್ಯ ಬಿಟ್ಟು ತನ್ನದೇ ಮಾತಿನಲ್ಲಿ ಬರೆದಳೋ ಏನೋ. ಪಾಲಕರು ಬೇಸರ ಮಾಡಿಕೊಳ್ಳಬಾರದು.

ಮುಂದಿನ ವರ್ಷದ ರಕ್ತದಾನ ಶಿಬಿರಕ್ಕೆ ನಾನೂ ಹೋಗಿದ್ದೆ. ಅವಳು ಮತ್ತೆ ಸಾಲಿನಲ್ಲಿ ನಿಂತಳು. ತೂಕ 46 ಆಗಿತ್ತು, ಹಿಮೋಗ್ಲೋಬಿನ್ 11.8. ಈ ಸಲವೂ ಆಗಲಿಲ್ಲ. ನಾನು ಅವಳ ಮುಖ ನೋಡಿದೆ. “ಇನ್ನ ಸ್ವಲ್ಪ ಐತ್ರಿ ಸಿಸ್ಟರ್” ಎಂದಳು, ಅಷ್ಟೇ. ಅವತ್ತು ಹದಿನೇಳು ಹುಡುಗಿಯರು ಹಾಗೆ ವಾಪಸಾದರು. ಮೊದಲೆಲ್ಲ ಅವರು ಮುಖ ಮುಚ್ಚಿಕೊಂಡು ಹಿಂದಿನ ಬಾಗಿಲಿನಿಂದ ಹೋಗಿಬಿಡುತ್ತಿದ್ದರು. ಇವಳು ಹೊರಗೆ ಬೇವಿನ ಗಿಡದ ಕೆಳಗೆ ಒಂದು ಜಮಖಾನೆ ಹಾಸಿ ಅವರನ್ನು ಕೂರಿಸಿದ್ದಳು. ಒಬ್ಬೊಬ್ಬರನ್ನೇ, “ಮುಂಜಾನೆ ಏನ ತಿಂದಿ? ನಿನ್ನೆ ರಾತ್ರಿ?” ಎಂದು ಕೇಳುತ್ತಿದ್ದಳು. ಪಟ್ಟಿ ಬರೆಯುತ್ತಿರಲಿಲ್ಲ, ಸುಮ್ಮನೆ ಕೇಳುತ್ತಿದ್ದಳು. ಆಮೇಲೆ ತನ್ನ ಡಬ್ಬಿ ತೆಗೆದಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹದಿನೇಳು ಮಂದಿಗೆ ಎಲ್ಲಿ ಸಾಲಬೇಕು? ಒಂದೊಂದು ತುಂಡು ಮುರಿದು ಕೊಡುತ್ತಿದ್ದಾಗ ಒಬ್ಬ ಹುಡುಗಿ ತನ್ನ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಡಬ್ಬಿ ಹೊರಗೆ ತೆಗೆದಳು. ಆಮೇಲೆ ಇನ್ನೊಬ್ಬಳು.

ನನಗೂ ಒಂದು ತುಂಡು ಬಂತು. ಅಂಚು ಒಡೆದಿತ್ತು. “ಇದು ನಿಂದೋ, ಅವ್ವಂದೋ?” ಎಂದು ಕೇಳಿದೆ. “ನಂದಽ ರೀ” ಎಂದಳು.